ಗೋಡೆಗೆ ಬೆನ್ನು ಕೊಟ್ಟವರ ಲೆನ್ಸ್

ಮನೆಯೊಳಗಿನ ಶುಭಕಾರ್ಯದಲ್ಲಿ ಕ್ಯಾಮೆರಾ ಹಿಡಿದವನಿಗೆ ಎಲ್ಲರೂ ಹೇಳುವುದು ಒಂದೇ ಮಾತು: ‘ಇನ್ನೊಂಚೂರು ಹಿಂದೆ ಹೋಗೋ.’ ನಾಮಕರಣ ನಡೆಯುತ್ತಿರುತ್ತದೆ. ನಡುಮನೆಯ ತೊಲೆಗೆ ಕಟ್ಟಿದ ತೊಟ್ಟಿಲು, ಅದರ ಸುತ್ತ ಅಜ್ಜಿ, ಸೋದರತ್ತೆ, ಚಿಕ್ಕಮ್ಮಂದಿರು, ಅವರ ಸೆರಗಿನ ಸಂದಿಯಲ್ಲಿ ಇಣುಕುವ ಮಕ್ಕಳು. ಹಿಂದೆ ಹೋಗೋಣವೆಂದರೆ ಬೆನ್ನಿಗೆ ಬೀರು ಒತ್ತುತ್ತಿರುತ್ತದೆ. ಬೀರುವಿನ ಹಿಂದೆ ಗೋಡೆ. ಎಷ್ಟು ಒತ್ತಿ ನಿಂತರೂ ಬಲಗಡೆಯ ಒಬ್ಬರು ಚಿತ್ರದಿಂದ ಹೊರಗೇ. ನಮ್ಮ ಮನೆಯಲ್ಲಿ ಅದು ಆರತಿ ತಟ್ಟೆ ಹಿಡಿದು ಮೂಲೆಯಲ್ಲಿ ನಿಂತ ದೊಡ್ಡಮ್ಮ. ಹಳೆಯ ಆಲ್ಬಮ್‌ಗಳನ್ನು ತಿರುವಿದರೆ ಅವರ ಅರ್ಧ ತೋಳು, ನಾಲ್ಕು ಹಸಿರು ಬಳೆ, ತಟ್ಟೆಯ ಅಂಚು ಸಿಗುತ್ತವೆ. ಮುಖ ಸಿಗುವುದಿಲ್ಲ. ನಸುಕಿನಲ್ಲಿ ಎದ್ದು ಅಷ್ಟೂ ಜನಕ್ಕೆ ಬೇಯಿಸಿ ಬಡಿಸಿದವರೇ ಫೋಟೊದಲ್ಲಿಲ್ಲ ಎನ್ನುವುದು ನನ್ನನ್ನು ಬಹುಕಾಲದಿಂದ ಕಾಡಿದ ಸಂಗತಿ.

ಈಗಿನ ಮೊಬೈಲುಗಳಲ್ಲಿ ಪಾಯಿಂಟ್ ಫೈವ್ ಒತ್ತಿದರೆ ಅಗಲಕ್ಕೆ ಕಾಣುತ್ತದೆ, ನಿಜ. ಆದರೆ ಅದು ಗೋಡೆಯ ಗೆರೆಗಳನ್ನು ನೆಟ್ಟಗೆ ಉಳಿಸುವ ಹಟದಲ್ಲಿ ಅಂಚಿನಲ್ಲಿ ನಿಂತವರ ತಲೆಯನ್ನು ಹಪ್ಪಳದ ಹಿಟ್ಟಿನ ಹಾಗೆ ಲಟ್ಟಿಸಿಬಿಡುತ್ತದೆ. ದೊಡ್ಡಮ್ಮ ಚಿತ್ರದೊಳಗೆ ಬರುತ್ತಾರೆ, ಆದರೆ ದೊಡ್ಡಮ್ಮನಂತೆ ಇರುವುದಿಲ್ಲ. ಫಿಶ್‌ಐ ಲೆನ್ಸ್ ಇದಕ್ಕೆ ತದ್ವಿರುದ್ಧ. ಅದು ಗೆರೆಗಳನ್ನು ಬಾಗಿಸಲು ಒಪ್ಪಿಕೊಂಡು, ಮುಖಗಳನ್ನು ತಕ್ಕ ಮಟ್ಟಿಗೆ ದುಂಡಗೇ ಉಳಿಸುತ್ತದೆ. ಗೋಡೆ ಮುಖ್ಯವೋ ಮುಖ ಮುಖ್ಯವೋ ಎಂದು ಕೇಳಿಕೊಂಡಾಗ ನನಗೆ ಉತ್ತರ ಸುಲಭವಾಗಿ ಸಿಕ್ಕಿತು.

ಹಾಗೆ ಬಂತು ಈ 7.5 ಮಿ.ಮೀ. ಲೆನ್ಸ್. ಸೆವೆನ್ ಆರ್ಟಿಸನ್ಸ್, ಟಿಟಿ ಆರ್ಟಿಸನ್, ಮೈಕೆಯಂಥ ಚೀನಾದ ಕಂಪನಿಗಳು ಇಂಥವನ್ನು ಈಗ ಒಂದು ಸಾಧಾರಣ ಮೊಬೈಲಿನ ಬೆಲೆಗೆ ಕೊಡುತ್ತಿವೆ. ಅದಕ್ಕೂ ಮೊದಲು ಕೊರಿಯಾದ ಸಾಮ್ಯಾಂಗ್ ಇದೇ ದಾರಿ ಹಿಡಿದಿತ್ತು. ಪೆಟ್ಟಿಗೆ ತೆರೆದರೆ ಅಂಗೈಯೊಳಗೆ ಅಡಗುವಷ್ಟು ಗಿಡ್ಡ, ಆದರೆ ಗಾತ್ರಕ್ಕೆ ಮೀರಿದ ತೂಕ. ಪ್ಲಾಸ್ಟಿಕ್ ಎಲ್ಲೂ ಇಲ್ಲ, ಎಲ್ಲ ಲೋಹ. ಮುಂದಿನ ಗಾಜು ಉಬ್ಬಿ ಹೊರಗೇ ಬಂದಿರುವುದರಿಂದ ಫಿಲ್ಟರ್ ತಿರುಗಿಸಿ ಕೂರಿಸಲು ಜಾಗವೇ ಇಲ್ಲ. ಮುಚ್ಚಳವೊಂದೇ ಅದಕ್ಕೆ ರಕ್ಷಣೆ.

ಕ್ಯಾಮೆರಾಕ್ಕೆ ಹಾಕಿ ಗುಂಡಿ ಒತ್ತಿದರೆ ‘ಲೆನ್ಸ್ ಇಲ್ಲ’ ಎನ್ನುತ್ತದೆ ಕ್ಯಾಮೆರಾ. ಕಣ್ಣೆದುರಿಗೆ ಲೆನ್ಸ್ ಇದೆ, ಆದರೆ ಅದರ ಬುಡದಲ್ಲಿ ಕ್ಯಾಮೆರಾದೊಂದಿಗೆ ಮಾತನಾಡುವ ಚಿನ್ನದ ಬಣ್ಣದ ಬಿಂದುಗಳಿಲ್ಲ. ಬೆಳಕು ದಾಟಿ ಹೋಗುತ್ತದೆ, ವಿದ್ಯುತ್ತು ದಾಟುವುದಿಲ್ಲ. ಹಾಗಾಗಿ ಕ್ಯಾಮೆರಾದ ಲೆಕ್ಕದಲ್ಲಿ ಅಲ್ಲಿ ಏನೂ ಇಲ್ಲ. ಮೆನುವಿನೊಳಗೆ ಇಳಿದು, ಲೆನ್ಸ್ ಇಲ್ಲದಿದ್ದರೂ ಚಿತ್ರ ತೆಗೆಯಬಹುದು ಎಂಬ ಒಂದು ಸಾಲನ್ನು ಹುಡುಕಿ ಆನ್ ಮಾಡಬೇಕು. ಕ್ಯಾಮೆರಾದೊಳಗೆ ಕೈನಡುಕ ತಡೆಯುವ ವ್ಯವಸ್ಥೆ ಇದ್ದರೆ ಅದಕ್ಕೆ ಲೆನ್ಸಿನ ನಾಭಿದೂರ ಎಷ್ಟೆಂದು ನಾವೇ ತಿಳಿಸಿಕೊಡಬೇಕು, ಅದಕ್ಕೂ ಗೊತ್ತಾಗುವ ದಾರಿಯಿಲ್ಲ. ತೆಗೆದ ಫೋಟೊದ ವಿವರ ನೋಡಿದರೆ ಅಪರ್ಚರ್ ಇರಬೇಕಾದ ಕಡೆ ಸಂಖ್ಯೆಯೇ ಇರುವುದಿಲ್ಲ. ನನಗೆ ಇದು ಇಷ್ಟವಾಯಿತು. ಎಲ್ಲವನ್ನೂ ಬರೆದಿಟ್ಟುಕೊಳ್ಳುವ ಯಂತ್ರದಲ್ಲಿ ಒಂದು ಸಂಗತಿಯಾದರೂ ನನ್ನ ಬೆರಳಿಗೆ ಮಾತ್ರ ಗೊತ್ತಿರುವುದು ಸಂತೋಷವೇ.

ಬೆರಳು ಎಂದಾಗ ಚಿಕ್ಕಪ್ಪನ ಯಾಷಿಕಾ ನೆನಪಾಗುತ್ತದೆ. ಅದರ ಉಂಗುರದ ಮೇಲೆ ಅಡಿ ಮತ್ತು ಮೀಟರಿನ ಅಂಕಿಗಳನ್ನು ಕೆತ್ತಿದ್ದರು. ಚಿಕ್ಕಪ್ಪ ಅಂಗಳದಲ್ಲಿ ಯಾರಾದರೂ ಕೂತಿದ್ದರೆ ಮೊದಲು ಕಣ್ಣಲ್ಲೇ ದೂರ ಅಳೆಯುತ್ತಿದ್ದರು. ‘ಎಂಟಡಿ’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಉಂಗುರ ತಿರುಗಿಸಿ, ಆಮೇಲೆ ಕ್ಯಾಮೆರಾವನ್ನು ಎದೆಯ ಮೇಲೆ ಬಿಟ್ಟು ಅಡಿಕೆ ಧಾರಣೆಯ ಮಾತು ತೆಗೆಯುತ್ತಿದ್ದರು. ಎದುರಿನವರು ಕ್ಯಾಮೆರಾ ಮರೆತು ಮಾತಿಗೆ ಬಿದ್ದಾಗ ಒಮ್ಮೆ ಎತ್ತಿ ಕ್ಲಿಕ್. ರೀಲಿನಲ್ಲಿ ಮೂವತ್ತಾರೇ ಚಿತ್ರ, ಆದ್ದರಿಂದ ಎರಡನೆಯ ಸಲ ಎತ್ತುತ್ತಿರಲಿಲ್ಲ. ಆ ಚಿತ್ರಗಳಲ್ಲಿ ಜನ ತಮ್ಮ ಪಾಡಿಗೆ ತಾವಿದ್ದಾರೆ.

ಅದೇ ಅನುಕೂಲ ಈ ಪುಟ್ಟ ಲೆನ್ಸಿನಲ್ಲಿ ಇನ್ನೂ ಹೆಚ್ಚಾಗಿ ಮರಳಿ ಬಂದಿದೆ. ನಾಭಿದೂರ ಇಷ್ಟು ಕಡಿಮೆ ಇರುವ ಲೆನ್ಸಿನಲ್ಲಿ ಎಫ್/8ಕ್ಕೆ ಉಂಗುರ ಇಟ್ಟು, ಫೋಕಸನ್ನು ಸುಮಾರು 35 ಸೆಂ.ಮೀ.ಗೆ ನಿಲ್ಲಿಸಿದರೆ, ಒಂದು ಗೇಣಿಗಿಂತಲೂ ಹತ್ತಿರದ ವಸ್ತುವಿನಿಂದ ಹಿಡಿದು ಆಕಾಶದ ಚಂದ್ರನವರೆಗೆ ಎಲ್ಲವೂ ಸ್ಫುಟ. ಇದು ಲೆಕ್ಕದ ಮಾತು, ಎಪಿಎಸ್-ಸಿ ಸೆನ್ಸರಿನ ಯಾವ ಕ್ಯಾಮೆರಾದಲ್ಲಿ ಬೇಕಾದರೂ ಮಾಡಿ ನೋಡಬಹುದು. ಆಟೊಫೋಕಸ್ ಇಲ್ಲ ಎಂದು ಮುಖ ಸಿಂಡರಿಸುವವರಿಗೆ ನಾನು ಹೇಳುವುದು ಇದನ್ನೇ: ಇಲ್ಲಿ ಫೋಕಸ್ ಮಾಡುವ ಕೆಲಸವೇ ಮುಗಿದುಹೋಗಿದೆ. ಬೆಳಿಗ್ಗೆ ಒಮ್ಮೆ ಉಂಗುರ ಇಟ್ಟರೆ ಸಂಜೆಯವರೆಗೆ ಮುಟ್ಟಬೇಕಿಲ್ಲ. ಕಣ್ಣು ಜನರ ಮೇಲಿರಬಹುದು.

ಕ್ಯಾಮೆರಾ ಕೊಂಡೆ ಎಂದರೆ ನಮ್ಮ ಮಲೆನಾಡಿನಲ್ಲಿ ಮೊದಲು ಬರುವ ಪ್ರಶ್ನೆ ‘ಹಕ್ಕಿ ತೆಗೆಯೋಕೆ ಆಗ್ತದಾ?’ ಮೂಡಿಗೆರೆಯಲ್ಲಿ ಕೂತು ಹಕ್ಕಿಗಳ ಬೆನ್ನುಬಿದ್ದ ತೇಜಸ್ವಿಯವರ ಪ್ರಭಾವ ಅದು, ಒಳ್ಳೆಯ ಪ್ರಭಾವವೇ. ಆದರೆ ಅದೇ ತೇಜಸ್ವಿ ಗಾಳ ಹಿಡಿದು ಹೊಳೆದಂಡೆಯಲ್ಲಿ ಕೂತವರೂ ಹೌದು. ಹಕ್ಕಿಯ ಕಣ್ಣಿನಷ್ಟೇ ಮೀನಿನ ಕಣ್ಣಿನ ಬಗ್ಗೆಯೂ ನಮಗೆ ಕುತೂಹಲ ಇರಬೇಕಲ್ಲವೇ? ಶೃಂಗೇರಿಯ ತುಂಗೆಯ ಮೆಟ್ಟಿಲಲ್ಲಿ ಮಂಡಕ್ಕಿ ಎಸೆಯುತ್ತ ನಿಂತಾಗಲೆಲ್ಲ ನನಗೆ ಅದೇ ಯೋಚನೆ. ಅಲ್ಲಿ ಮೀನು ಹಿಡಿಯುವಂತಿಲ್ಲ, ಹಾಗಾಗಿ ಅವು ಮನುಷ್ಯರಿಗೆ ಹೆದರುವುದಿಲ್ಲ. ಕಪ್ಪು ಬೆನ್ನುಗಳು ಒಂದರ ಮೇಲೊಂದು ಏರಿ ಬಂದು ಬಾಯಿ ತೆರೆಯುತ್ತವೆ. ನಾವು ಅವನ್ನು ನೋಡುತ್ತೇವೆ. ಅವಕ್ಕೆ ನಾವು ಹೇಗೆ ಕಾಣುತ್ತೇವೆ?

ಇದನ್ನು ತಿಳಿಯಲು ಹೊರಟವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್. ಗಾಳಿಯಿಂದ ನೀರಿಗೆ ಇಳಿಯುವ ಬೆಳಕು ಬಾಗುತ್ತದೆ. ಹಾಗಾಗಿ ನೀರಿನೊಳಗಿಂದ ಮೇಲೆ ನೋಡುವ ಮೀನಿಗೆ ದಂಡೆಯಿಂದ ದಂಡೆಯವರೆಗಿನ ಇಡೀ ಹೊರಜಗತ್ತು, ಮರ, ಮೆಟ್ಟಿಲು, ಮಂಡಕ್ಕಿ ಹಿಡಿದ ಕೈ ಎಲ್ಲ, ಸುಮಾರು 97 ಡಿಗ್ರಿಯ ಒಂದು ದುಂಡು ಕಿಟಕಿಯೊಳಗೆ ಒತ್ತಿಕೊಂಡು ಕಾಣಬೇಕು. ಆ ಕಿಟಕಿಯ ಆಚೆ ನೀರಿನ ಮೇಲ್ಮೈ ಕನ್ನಡಿಯಾಗಿ ಹೊಳೆಯ ತಳವನ್ನೇ ತೋರಿಸುತ್ತದೆ. ವುಡ್ ಒಂದು ಬಕೆಟ್ಟಿನ ತಳದಲ್ಲಿ ಫೋಟೊದ ಪ್ಲೇಟು ಇಟ್ಟರು, ನಡುಮಟ್ಟದಲ್ಲಿ ಸೂಜಿರಂಧ್ರದ ಜೊತೆಗೆ ಒಂದು ಲೆನ್ಸ್, ಮೇಲೆ ನೀರು ತುಂಬಿ ಅಲೆ ಏಳದಂತೆ ಗಾಜು ಮುಚ್ಚಿದರು. 1906ರಲ್ಲಿ ಅದರ ಬಗ್ಗೆ ಬರೆದರು. ಫಿಶ್‌ಐ ಎಂಬ ಹೆಸರು ಬಂದದ್ದೇ ಅಲ್ಲಿಂದ. ದುಬಾರಿ ಗಾಜು ಆಮೇಲೆ ಬಂತು, ಮೊದಲು ಬಂದದ್ದು ಒಂದು ಬಕೆಟ್ ನೀರು. ಅಗ್ಗದ ಲೆನ್ಸ್ ಎಂದು ನನ್ನದನ್ನು ಯಾರಾದರೂ ಹಗುರ ಮಾಡಿದರೆ ಈ ಬಕೆಟ್ಟಿನ ಕಥೆ ಹೇಳುತ್ತೇನೆ.

ಸೂಜಿರಂಧ್ರ ಎಂದರೆ ನಮ್ಮವರಿಗೆ ಹಂಪಿ ನೆನಪಾಗದೆ ಇರದು. ವಿರೂಪಾಕ್ಷ ದೇವಸ್ಥಾನದ ಹಿಂಬದಿಯ ಕತ್ತಲ ಕೋಣೆಯ ಗೋಡೆಯ ಮೇಲೆ ಎದುರಿನ ರಾಜಗೋಪುರ ತಲೆಕೆಳಗಾಗಿ ಬೀಳುತ್ತದೆ. ಅಷ್ಟು ಎತ್ತರದ ಗೋಪುರ ಒಂದು ಚಿಕ್ಕ ಕಿಂಡಿಯಲ್ಲಿ ನುಗ್ಗಿ ಬಂದು ಸುಣ್ಣದ ಗೋಡೆಯ ಮೇಲೆ ಮೊಳದಷ್ಟಾಗುವುದನ್ನು ಶಾಲೆಯ ಪ್ರವಾಸದಲ್ಲಿ ಮೊದಲ ಸಲ ಕಂಡಾಗ ಸಾಲಿನಲ್ಲಿ ನನ್ನ ಹಿಂದಿದ್ದವರು ನೂಕಿದರೂ ನಾನು ಕದಲಿರಲಿಲ್ಲ. ದೊಡ್ಡದು ಸಣ್ಣದರೊಳಗೆ ಬಂದು ಕೂರುವ ಸೋಜಿಗದ ರುಚಿ ನನಗೆ ಹತ್ತಿದ್ದು ಅಲ್ಲಿಯೇ ಇರಬೇಕು.

ವುಡ್‌ರ ನೀರಿನ ಕೆಲಸವನ್ನು ಗಾಜಿಗೆ ವಹಿಸಿದವರಲ್ಲಿ ಕೇಂಬ್ರಿಜ್‌ನ ರಾಬಿನ್ ಹಿಲ್ ಒಬ್ಬರು. ಅವರಿಗೆ ಬೇಕಿದ್ದದ್ದು ಇಡೀ ಆಕಾಶದ ಮೋಡಗಳ ಚಿತ್ರ. 1924ರಲ್ಲಿ ಅಂಥ ಲೆನ್ಸಿನ ವಿವರ ಪ್ರಕಟಿಸಿದರು. ಮುಂದೆ ಗಿಡಗಳ ದ್ಯುತಿಸಂಶ್ಲೇಷಣೆಯ ಅಧ್ಯಯನದಲ್ಲಿ ಹೆಸರಾದ ಹಿಲ್ ಇವರೇ. 1959ರ ಹೊತ್ತಿಗೆ ಇವಾನ್ಸ್ ಮತ್ತು ಕೂಂಬ್ ಎಂಬ ಸಸ್ಯವಿಜ್ಞಾನಿಗಳು ಹಿಲ್ ಕ್ಯಾಮೆರಾವನ್ನು ಕಾಡಿನ ನೆಲದಲ್ಲಿ ಆಕಾಶಕ್ಕೆ ಮುಖಮಾಡಿ ಇಟ್ಟು, ಎಲೆಗಳ ಸಂದಿಯಲ್ಲಿ ಎಷ್ಟು ಬೆಳಕು ಕೆಳಗಿಳಿಯುತ್ತದೆ ಎಂದು ಅಳೆದರು. ಆ ಚಿತ್ರದ ಮೇಲೆ ಸೂರ್ಯ ವರ್ಷವಿಡೀ ನಡೆಯುವ ದಾರಿಯನ್ನು ಎಳೆದರೆ, ಯಾವ ತಿಂಗಳು ಯಾವ ಹೊತ್ತಿನಲ್ಲಿ ಆ ಜಾಗಕ್ಕೆ ಬಿಸಿಲು ಬೀಳುತ್ತದೆ ಎನ್ನುವುದನ್ನೂ ಹೇಳಬಹುದು. ನಮ್ಮ ತೋಟದಲ್ಲಿ ಅಡಿಕೆ ಮರದ ಬುಡಕ್ಕೆ ಕ್ಯಾಮೆರಾ ಇಟ್ಟು ನಾನೂ ಮೇಲಕ್ಕೆ ತೆಗೆದೆ. ಮರಗಳೆಲ್ಲ ಸುತ್ತಲಿಂದ ನಡುವಿಗೆ ಬಾಗಿ, ಸೋಗೆಯ ತುದಿಗಳು ಒಂದಕ್ಕೊಂದು ತಾಗಿ, ಮಧ್ಯದಲ್ಲಿ ಹರಿದ ಬಟ್ಟೆಯಷ್ಟು ಆಕಾಶ. ಅಡಿಕೆ ಕೊಯ್ಯುವ ಕೊನೆಗೌಡನಿಗೆ ತೋರಿಸಿದೆ. ಅವನು ಚಿತ್ರವನ್ನು ಹತ್ತಿರ ಹಿಡಿದು, ‘ಈ ಮೂಲೇಲಿ ನೆರಳು ಜಾಸ್ತಿ ಅಂತ ನಾ ಹೇಳಿದ್ನಲ್ಲ ಅಯ್ಯ, ನೋಡಿ’ ಎಂದ. ಮರದ ತುದಿಯಿಂದ ದಿನವೂ ತೋಟ ನೋಡುವವನಿಗೆ ಬುಡದಿಂದ ತೆಗೆದ ಚಿತ್ರದಲ್ಲಿ ಹೊಸದೇನೂ ಇರಲಿಲ್ಲ. ನನಗೆ ಮಾತ್ರ ಅದು ಹೊಸದು.

ಇದೆಲ್ಲ ಇಷ್ಟು ಅಗ್ಗಕ್ಕೆ ಬಂದದ್ದು ಹೇಗೆ ಎನ್ನುವುದಕ್ಕೆ ಕನ್ನಡಿಯ ಕಥೆ ಹೇಳಬೇಕು. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಒಂದು ಕನ್ನಡಿ ಮೇಲೆ ಕೆಳಗೆ ಆಡುತ್ತಿತ್ತು. ಅದಕ್ಕೆ ಜಾಗ ಬೇಕು. ಕೆನನ್‌ನ ಇಎಫ್ ಕ್ಯಾಮೆರಾಗಳಲ್ಲಿ ಆ ಅಂತರ 44 ಮಿ.ಮೀ., ನಿಕಾನ್‌ನ ಎಫ್ ಮೌಂಟಿನಲ್ಲಿ 46.5. ಫಿಶ್‌ಐಗೆ ಇರುವ ನಾಭಿದೂರ ಏಳೆಂಟು ಮಿಲಿಮೀಟರು. 1962ರಲ್ಲಿ ನಿಕಾನ್ ಹೊರತಂದ 8 ಮಿ.ಮೀ. ಫಿಶ್‌ಐನ ಹಿಂಭಾಗ ಕ್ಯಾಮೆರಾದೊಳಗೆ ಎಷ್ಟು ಚಾಚುತ್ತಿತ್ತೆಂದರೆ, ಕನ್ನಡಿಯನ್ನು ಮೇಲೆತ್ತಿ ಕಟ್ಟಿಹಾಕಿ, ಬೇರೆ ವ್ಯೂಫೈಂಡರಿನಲ್ಲಿ ನೋಡಿ ಚಿತ್ರ ತೆಗೆಯಬೇಕಿತ್ತು. ಕನ್ನಡಿಗೆ ದಾರಿ ಬಿಟ್ಟು ರಚಿಸಿದ ಲೆನ್ಸ್‌ಗಳು ಭಾರವಾದವು, ದುಬಾರಿಯಾದವು. ನಿಕಾನ್‌ನದೇ 6 ಮಿ.ಮೀ. ಲೆನ್ಸೊಂದು 5.2 ಕೆ.ಜಿ. ತೂಗುತ್ತದೆ ಮತ್ತು 220 ಡಿಗ್ರಿ ನೋಡುತ್ತದೆ, ಅಂದರೆ ತನ್ನ ಹಿಂದಿರುವುದನ್ನೂ ಒಂದಿಷ್ಟು ಕಾಣುತ್ತದೆ. ಮಿರರ್‌ಲೆಸ್ ಬಂದ ಮೇಲೆ ಕನ್ನಡಿಯೇ ಹೋಯಿತು. ಸೋನಿಯ ಇ ಮೌಂಟಿನಲ್ಲಿ ಅಂತರ 18 ಮಿ.ಮೀ., ಫ್ಯೂಜಿಯ ಎಕ್ಸ್‌ನಲ್ಲಿ 17.7. ಗಾಜು ಸೆನ್ಸರಿನ ಹತ್ತಿರಕ್ಕೆ ಸರಿಯಿತು, ಚಿಕ್ಕದಾಯಿತು. ಮೋಟಾರು, ಚಿಪ್ ಎಲ್ಲ ಬಿಟ್ಟು ಬರಿಯ ಉಂಗುರ ಇಟ್ಟುಕೊಂಡಿತು. ನನ್ನಂಥವನ ಕೈಗೂ ಎಟುಕಿತು.

ಮುಂದಿನ ನಾಮಕರಣಕ್ಕೆ ನಾನು ಬೀರುವಿಗೆ ಆನಿಕೊಳ್ಳಲಿಲ್ಲ. ತೊಟ್ಟಿಲಿನ ಪಕ್ಕದಲ್ಲೇ, ಮಗುವಿನ ಕಾಲು ಕೈಗೆ ತಾಗುವಷ್ಟು ಹತ್ತಿರ ನಿಂತೆ. ಈ ಲೆನ್ಸ್ ಹಿಂದೆ ಸರಿ ಎನ್ನುವುದಿಲ್ಲ, ಮುಂದೆ ಬಾ ಎನ್ನುತ್ತದೆ. ಚಿತ್ರದ ನಡುವೆ ಮಗು, ಅದರ ಸುತ್ತ ಬಾಗಿದ ತಲೆಗಳ ಬಳಗ, ಮೇಲೆ ತೊಲೆ, ಎಡಕ್ಕೆ ಮಾಡಿನ ಕಿಂಡಿಯಿಂದ ಇಳಿದ ಬೆಳಕು, ಬಲಕ್ಕೆ ಆರತಿ ತಟ್ಟೆಯ ದೊಡ್ಡಮ್ಮ, ಪೂರ್ತಿಯಾಗಿ, ನಗುತ್ತ. ಕೆಳಗೆ ಅಂಚಿನಲ್ಲಿ ನನ್ನ ಕಾಲಿನ ಹೆಬ್ಬೆರಳೂ ಇದೆ. ಅದನ್ನು ಕತ್ತರಿಸಿ ತೆಗೆಯಬಹುದಿತ್ತು, ತೆಗೆಯಲಿಲ್ಲ. ನಾನೂ ಆ ಮನೆಯವನೇ.

ದೊಡ್ಡಪ್ಪ ಮಾತ್ರ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ‘ಎಂತ ಮಾರಾಯ, ನಮ್ಮಜ್ಜ ನಿಲ್ಲಿಸಿದ ಹಲಸಿನ ಕಂಬ ಎಲ್ಲ ಬಾಗಿಸಿ ಇಟ್ಟಿದೀಯಲ್ಲ!’ ಎಂದರು. ಅವರ ಮಾತು ಸರಿಯೇ. ಆ ಕಂಬಗಳ ನೇರಕ್ಕೆ ಅಜ್ಜ ತೂಗುಗುಂಡು ಬಿಟ್ಟು ನೋಡಿದವರು. ಇದಕ್ಕೆ ನಾನು ಕಂಡುಕೊಂಡ ಉತ್ತರ ಬಾಯಿಮಾತಿನದಲ್ಲ. ಫಿಶ್‌ಐನಲ್ಲಿ ಚಿತ್ರದ ಕೇಂದ್ರದ ಮೂಲಕ ಹಾದುಹೋಗುವ ಗೆರೆ ಎಂದೂ ಬಾಗುವುದಿಲ್ಲ. ದೊಡ್ಡಪ್ಪ ದಿನವೂ ಒರಗಿ ಕೂರುವ ಕಂಬವನ್ನು ಸರಿಯಾಗಿ ನಡುವಿಗೆ ತಂದು, ಅವರನ್ನು ಅಲ್ಲೇ ಕೂರಿಸಿ ತೆಗೆದೆ. ಆ ಕಂಬ ನೆಟ್ಟಗೆ ನಿಂತಿತು, ಉಳಿದವು ಅವರ ಸುತ್ತ ಬಾಗಿದವು. ಅದನ್ನು ಅವರು ಕಟ್ಟು ಹಾಕಿಸಿಕೊಂಡಿದ್ದಾರೆ. ದಿಗಂತಕ್ಕೂ ಇದೇ ನಿಯಮ. ಸಮುದ್ರದ ಗೆರೆಯನ್ನು ಚಿತ್ರದ ನಟ್ಟನಡುವೆ ಇಟ್ಟರೆ ಅದು ನೇರ, ಮೇಲಿಟ್ಟರೆ ಉಬ್ಬು, ಕೆಳಗಿಟ್ಟರೆ ತಗ್ಗು.

ವಿಜಯಪುರದ ಗೋಲಗುಂಬಜಿನಲ್ಲಿ ಈ ಲೆನ್ಸಿಗೆ ಹೊಂದುವ ಕಟ್ಟಡ ಸಿಕ್ಕಿತು. 1656ರ ಆ ಗುಮ್ಮಟದ ಹೊರವ್ಯಾಸ 44 ಮೀಟರು. ಎಲ್ಲರೂ ಮೇಲೆ ಹತ್ತಿ ಪಿಸುಗುಡುವ ಮೊಗಸಾಲೆಯಲ್ಲಿ ಕೂಗುವುದರಲ್ಲಿ ಇರುತ್ತಾರೆ. ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು, ಹಾಗಾಗಿ ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಮಲಗಿಸಿ ಟೈಮರ್ ಒತ್ತಿ ಸರಿದೆ. ಒಂದಕ್ಕೊಂದು ಹೆಣೆದುಕೊಂಡ ಕಮಾನುಗಳು ಚೌಕದ ಕೋಣೆಯನ್ನು ಮೆಲ್ಲಗೆ ದುಂಡಾಗಿಸಿ ಗುಮ್ಮಟಕ್ಕೆ ಒಪ್ಪಿಸುವ ಬಗೆ ಒಂದೇ ಚಿತ್ರದಲ್ಲಿ ಬಂತು. ಕತ್ತು ಎತ್ತಿ ನೋಡುವಾಗ ನಾವು ಅದನ್ನು ತುಂಡುತುಂಡಾಗಿ ಕಾಣುತ್ತೇವೆ. ಅದನ್ನು ಕಟ್ಟಿದವರ ತಲೆಯಲ್ಲಿ ಅದು ಹೀಗೆ ಇಡಿಯಾಗಿ ಇದ್ದಿರಬೇಕು.

ಆದರೆ ನನಗೆ ಅತ್ಯಂತ ಪ್ರಿಯವಾದ ಚಿತ್ರಗಳು ಯಕ್ಷಗಾನದ ಚೌಕಿಯವು. ಗದ್ದೆಯ ಬದಿಯಲ್ಲಿ ಕಟ್ಟಿದ ಉದ್ದನೆಯ ಚಪ್ಪರ, ಎರಡೂ ಪಕ್ಕದಲ್ಲಿ ಪೆಟ್ಟಿಗೆಗಳ ಸಾಲು, ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ಕಲಾವಿದರು, ಕೊನೆಯಲ್ಲಿ ಗಣಪತಿ ಮತ್ತು ದೀಪ. ನಡುವೆ ಒಬ್ಬರು ಅಡ್ಡವಾಗಿ ಸರಿಯುವಷ್ಟೇ ದಾರಿ. ದೂರದ ಲೆನ್ಸಿನವರು ಬಾಗಿಲಲ್ಲೇ ನಿಂತು ಮುಖ ಮಾತ್ರ ಎಳೆದುಕೊಂಡು ಹೋಗುತ್ತಾರೆ. ನಾನು ಕೇಳಿ, ಒಪ್ಪಿಗೆ ಪಡೆದು, ರಾಕ್ಷಸನ ಪಾತ್ರಕ್ಕೆ ಸಜ್ಜಾಗುತ್ತಿದ್ದ ಬಣ್ಣದ ವೇಷದ ಹಿರಿಯರೊಬ್ಬರ ಪಕ್ಕ ಕೂತೆ. ‘ಕೂತ್ಕೊಳ್ಳಿ, ಆದ್ರೆ ಬೆಳಕಿಗೆ ಅಡ್ಡ ಬರಬೇಡಿ’ ಎಂದರು ಅಷ್ಟೆ. ಎಡಗೈಯಲ್ಲಿ ಅಂಗೈಯಗಲದ ಕನ್ನಡಿ, ಬಲಗೈಯಲ್ಲಿ ಸಣ್ಣ ಕಡ್ಡಿ. ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಬಿಳಿಯ ಪಾಕವನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ ಒಂದೊಂದೇ ಚುಟ್ಟಿ ಇಡುತ್ತಾರೆ. ಒಂದು ಒಣಗುವ ತನಕ ಅದರ ಮೇಲೆ ಇನ್ನೊಂದು ಇಡುವುದಿಲ್ಲ. ಮುಳ್ಳಿನಂತೆ ಏಳುವ ಆ ಸಾಲು ದವಡೆಯ ಗೆರೆಯನ್ನು ಹಿಡಿದು ಕಿವಿಯತ್ತ ನಡೆಯಿತು. ಅವರು ಮಾತಾಡಲಿಲ್ಲ, ಮಾತಾಡಿದರೆ ಕೆನ್ನೆ ಅಲುಗುತ್ತದೆ. ಉಸಿರನ್ನೂ ನಿಧಾನಕ್ಕೆ ಬಿಡುತ್ತಿದ್ದರು.

ಒಂದು ಮೊಳದಾಚೆಯಿಂದ ತೆಗೆದ ಆ ಚಿತ್ರದಲ್ಲಿ ಚುಟ್ಟಿಯ ಒಂದೊಂದು ಮೊನೆಯೂ ಎಣಿಸಲು ಬರುತ್ತದೆ. ಅದರ ಆಚೆ ಗೆಜ್ಜೆ ಕಟ್ಟುವ ಹುಡುಗ, ಭುಜಕೀರ್ತಿಯ ದಾರ ಬಿಗಿಸುತ್ತಿರುವ ಸ್ತ್ರೀವೇಷದವರು, ಚಹಾ ಲೋಟ, ತೂಗುಬಿದ್ದ ಕಿರೀಟ, ತಲೆಯ ಮೇಲಿನ ಬಲ್ಬು, ದೂರದ ತುದಿಯಲ್ಲಿ ಗಣಪತಿಯ ದೀಪ. ಚಪ್ಪರದ ಎರಡೂ ಸಾಲುಗಳು ಬಾಗಿ ಬಂದು ಆ ಒಬ್ಬ ಹಿರಿಯರನ್ನು ನಡುವೆ ಇರಿಸಿಕೊಂಡಿವೆ. ರಂಗದ ಮೇಲಿನ ರಾಕ್ಷಸ ಎಷ್ಟು ಜನರ ನಡುವೆ ಹುಟ್ಟುತ್ತಾನೆ ಎನ್ನುವುದನ್ನು ಬೇರೆ ಯಾವ ಲೆನ್ಸೂ ನನಗೆ ಹೀಗೆ ತೋರಿಸಿಲ್ಲ.

ಎಲ್ಲದಕ್ಕೂ ಇದು ಆಗುವುದಿಲ್ಲ. ಕುದುರೆಮುಖದ ಸಾಲನ್ನು ತೆಗೆದರೆ ಬೆಟ್ಟಗಳು ದಾರದಷ್ಟು ತೆಳ್ಳಗಾಗಿ ಚಿತ್ರದ ತುಂಬ ಹುಲ್ಲು ಮತ್ತು ಆಕಾಶವೇ ಉಳಿಯುತ್ತದೆ. ಹಕ್ಕಿ ಒಂದು ಚುಕ್ಕೆ. ಬೆಳಗು ಸಂಜೆ ಸೂರ್ಯ ಇಲ್ಲವೇ ನಮ್ಮದೇ ನೆರಳು ಒಳಗೆ ನುಸುಳುತ್ತದೆ. ದಿನವಿಡೀ ಇದನ್ನೇ ಹಾಕಿಕೊಂಡಿದ್ದರೆ ಎಲ್ಲ ಚಿತ್ರವೂ ಒಂದೇ ಥರ ಕಾಣತೊಡಗುತ್ತದೆ. ಒಬ್ಬರ ಮುಖವನ್ನಷ್ಟೇ ತೆಗೆಯುವುದಾದರೆ ಇದನ್ನು ಚೀಲದಲ್ಲೇ ಬಿಡಿ, ಮೂಗು ದೊಡ್ಡದಾಗುತ್ತದೆ. ಅವರ ಜೊತೆಗೆ ಅವರ ಮನೆ, ಕೆಲಸ, ಅಕ್ಕಪಕ್ಕದವರು ಎಲ್ಲ ಬೇಕೆನಿಸಿದಾಗ ಹೊರತೆಗೆಯಿರಿ.

ಕೊಳ್ಳಬೇಕೆಂದಿರುವವರಿಗೆ ನನ್ನ ಮಾತು ಇಷ್ಟೇ. ಮೊದಲ ಲೆನ್ಸಾಗಿ ಬೇಡ, ಎರಡನೆಯದೋ ಮೂರನೆಯದೋ ಆಗಿ ಧೈರ್ಯವಾಗಿ ತೆಗೆದುಕೊಳ್ಳಿ. ಎಫ್/8ಕ್ಕೆ ಇಟ್ಟು ಮರೆಯಿರಿ. ಕ್ಯಾಮೆರಾವನ್ನು ಮಟ್ಟವಾಗಿ ಹಿಡಿಯಿರಿ, ಕೇಳಿಕೊಂಡು ಹತ್ತಿರ ಹೋಗಿ. ಮುಂದಿನ ಗಾಜು ಬಯಲಿನಲ್ಲಿರುವುದರಿಂದ ಮುಚ್ಚಳ ಕಳೆದುಕೊಳ್ಳಬೇಡಿ. ಇನ್ನೊಂದು, ದುಡ್ಡು ಕೊಡುವ ಮೊದಲು ನಿಮ್ಮ ಕ್ಯಾಮೆರಾದ ಮೌಂಟ್ ಯಾವುದೆಂದು ನೋಡಿಕೊಳ್ಳಿ: ಸೋನಿಗೆಂದು ಮಾಡಿದ್ದು ಫ್ಯೂಜಿಗೆ ಕೂರುವುದಿಲ್ಲ.